ಭಾನುವಾರ ಯಾರೂ ಸಾಯಲಿಲ್ಲ

"ನಿನ್ನ ಹೆಸರೇನು ಮರಿ?"

"ಚೆನ್ನಿ."

"ಅಪ್ಪನ ಹೆಸರು?"

"ಐತ."

ಸುಲೋಚನಮ್ಮ ಕೈಯಲ್ಲಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದರು. ಒಂಬತ್ತನೆಯ ಸಾಲು. 'ಚೆನ್ನಿ, ಐತನ ಮಗಳು, ವಯಸ್ಸು ಎಂಟು.' ಅದರ ಮುಂದೆ ಕೆಂಪು ಶಾಯಿಯಲ್ಲಿ ಓರೆ ಅಕ್ಷರ: 'ಜ್ವರದಿಂದ ಮೃತ. ಡಿಸೆಂಬರ್ ೬.'

ಸತ್ತ ಹುಡುಗಿ ಅವರೆದುರು ನಿಂತು ತಲೆ ಕೆರೆದುಕೊಳ್ಳುತ್ತಿತ್ತು. ಕಾಫಿ ಹಣ್ಣು ಕುಯ್ದು ಕುಯ್ದು ಅದರ ಬೆರಳುಗಳೆಲ್ಲ ಕಪ್ಪಾಗಿದ್ದವು. ಸೊಂಟಕ್ಕೆ ಕಟ್ಟಿದ ಪುಟ್ಟ ಬುಟ್ಟಿಯಲ್ಲಿ ಬೆಳಗಿನ ಕುಯ್ಲಿನ ಹಣ್ಣು ಕಾಲುಭಾಗ ತುಂಬಿತ್ತು.

"ನಿನಗೆ ಜ್ವರ ಬಂದಿತ್ತಾ?"

"ಬಂದಿತ್ತು. ಹೋಯ್ತು."

"ಶಾಲೆಗೆ ಹೋಗಿದೀಯಾ?"

ಹುಡುಗಿ ತಲೆ ಅಲ್ಲಾಡಿಸಿತು. "ಮೇಷ್ಟ್ರು ಬಂದು ಬರ್ಕೊಂಡು ಹೋದ್ರು. ಕರೀತೀನಿ ಅಂದ್ರು. ಕರೀಲೇ ಇಲ್ಲ."

ಸುಲೋಚನಮ್ಮ ಒಂಬತ್ತನೆಯ ಸಾಲಿಗೆ ನೀಲಿ ಪೆನ್ಸಿಲಿನಿಂದ ಗುರುತು ಹಾಕಿ ಹತ್ತನೆಯ ಹೆಸರನ್ನು ಕೂಗಿದರು. ಹತ್ತನೆಯ ಸತ್ತ ಮಗು ಮೂಗು ಒರೆಸಿಕೊಳ್ಳುತ್ತ ಓಡಿ ಬಂತು.

ತೋಟದ ಕೂಲಿಯವರ ಲೈನು ಅದು. ಒಂದಕ್ಕೊಂದು ಅಂಟಿದ ಹದಿನಾಲ್ಕು ಕೋಣೆ, ಮೇಲೆ ಒಂದೇ ಉದ್ದದ ಹುಲ್ಲಿನ ಮಾಡು. ಬಿಸಿಲು ಮಾಡಿನ ತುದಿ ದಾಟಿ ಅಂಗಳಕ್ಕಿಳಿಯುವ ಹೊತ್ತಿಗೆ ಪಟ್ಟಿಯ ಇಪ್ಪತ್ತೇಳು ಹೆಸರಿಗೂ ನೀಲಿ ಗುರುತು ಬಿದ್ದಿತ್ತು. ಇಪ್ಪತ್ತೇಳು ಮೃತರೂ ಬದುಕಿದ್ದರು.

ಈ ಮಕ್ಕಳನ್ನು ಮೊದಲು ಎಣಿಸಿದವರು ನೇರಲಮಕ್ಕಿ ಶಾಲೆಯ ಗಣಪಯ್ಯ ಮೇಷ್ಟ್ರು. ಅವರು ಕಾಣೆಯಾಗಿ ಇಂದಿಗೆ ಹನ್ನೊಂದು ದಿನ. ತುಂಗೆಯ ದಡದಲ್ಲಿ ಅವರ ಕೊಡೆ ಸಿಕ್ಕಿದ್ದು ಬಿಟ್ಟರೆ ಬೇರೆ ಸುಳಿವಿಲ್ಲ.

ಸುಲೋಚನಮ್ಮ ಒರಳುಕಲ್ಲಿನ ಮೇಲೆ ಕುಳಿತರು. ಅವರು ಪೊಲೀಸಿನವರಲ್ಲ, ಹೆಣ್ಣುಮಕ್ಕಳ ಶಾಲೆಗಳ ಅಸಿಸ್ಟೆಂಟ್ ಇನ್‌ಸ್ಪೆಕ್ಟ್ರೆಸ್. ಶಾಲೆಗಳನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಳ್ಳುವ ಮೊದಲು, ಸರ್ಕಾರ ಗೊತ್ತು ಮಾಡಿದ ಮಟ್ಟಕ್ಕೆ ಬರಲು ಯಾವ ಶಾಲೆಗೆ ಎಷ್ಟು ಬೇಕೆಂದು ಅಂದಾಜು ಮಾಡಿ ಜನವರಿ ಮುಗಿಯುವುದರೊಳಗೆ ಕಳಿಸಬೇಕಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕು ಅವರ ತಲೆಗೆ ಬಿದ್ದಿತ್ತು. ನಲವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು. ಒಂದು ಮಗುವಿಗೆ ಹತ್ತು ಚದರಡಿ ನೆಲ. ಕುಡಿಯುವ ನೀರಿಗೆ ಬಾವಿ. ಹೆಣ್ಣುಮಕ್ಕಳಿದ್ದರೆ ಮರೆಯಾದ ಕಕ್ಕಸು. ಎಲ್ಲ ಲೆಕ್ಕವೂ ಮಗುವಿನಿಂದ ಶುರುವಾಗಬೇಕು. ಮಗುವೇ ಇಲ್ಲವೆಂದರೆ ಮೇಷ್ಟ್ರೂ ಬೇಡ, ಕೋಣೆಯೂ ಬೇಡ, ಬಾವಿಯೂ ಬೇಡ.

ಎರಡು ತಿಂಗಳ ತಿರುಗಾಟದಲ್ಲಿ ಅವರು ನೋಡಿದ್ದು ಕಡಿಮೆಯಲ್ಲ. ಒಂದು ಕಡೆ ಶಾಲೆಯ ಕರಿಹಲಗೆ ಅಧ್ಯಕ್ಷರ ಮನೆಯ ಕಾಳು ತುಂಬುವ ಹಗೇವಿಗೆ ಮುಚ್ಚಳವಾಗಿತ್ತು. ಇನ್ನೊಂದು ಕಡೆ ಎಮ್ಮೆಯನ್ನು ಹೊರಗೆ ಕಟ್ಟಿ, ಸಗಣಿ ಬಳಿದು, ಅದೇ ಜಾಗದಲ್ಲಿ ಮಕ್ಕಳನ್ನು ಕೂರಿಸಿ ಅವರೆದುರು ಪದ್ಯ ಹೇಳಿಸಿದ್ದರು. ಶೆಟ್ಟಿಕೊಪ್ಪದ ಕಡೆ ಮಾತ್ರ ಒಂದಿಷ್ಟು ನೆಟ್ಟಗಿನ ಲೆಕ್ಕ ಸಿಕ್ಕಿತ್ತು. ಅವೆಲ್ಲ ಕಂಡಾಗ ಸಿಟ್ಟು ಬಂದಿತ್ತು, ಬೈದಿದ್ದರು, ಬರೆದಿದ್ದರು. ಇಂದು ಬೈಗುಳವೇ ಹೊರಡಲಿಲ್ಲ. ಪಟ್ಟಿಯ ಕೆಂಪು ತಾರೀಕುಗಳ ಮೇಲೆ ಮತ್ತೆ ಬೆರಳಾಡಿಸಿದರು.

"ಕರಿಯಣ್ಣ, ಡಿಸೆಂಬರ್ ಎಂಟನೇ ತಾರೀಕು ಯಾವ ವಾರ?"

ಆಫೀಸಿನ ಜವಾನ ಕರಿಯಣ್ಣ ಬೆರಳು ಮಡಚಿದ. "ಭಾನುವಾರ ಅಮ್ಮಾವ್ರೇ. ಅವತ್ತು ನಮ್ಮ ತಂಗಿ ಮಗೀಗೆ ಹೆಸರಿಟ್ಟಿದ್ದು."

"ಹದಿನೈದು?"

"ಅದೂ ಭಾನುವಾರವೇ ಬತ್ತದಲ್ಲ."

"ಇಲ್ಲಿ ನೋಡು." ಸುಲೋಚನಮ್ಮ ಪಟ್ಟಿಯನ್ನು ಅವನತ್ತ ತಿರುಗಿಸಿದರು. "ಎರಡನೇ ತಾರೀಕಿನಿಂದ ಶುರು. ದಿನಕ್ಕೆ ಇಬ್ಬರು. ಒಂದನೇ ನಂಬರು, ಎರಡನೇ ನಂಬರು ಅವತ್ತು. ಮೂರು, ನಾಲ್ಕು ಮಾರನೇ ದಿನ. ಹೀಗೇ ಇಪ್ಪತ್ತೇಳರ ತನಕ, ಒಂದು ಸಾಲೂ ತಪ್ಪಿಲ್ಲ. ಜ್ವರದ ಕೈಗೆ ಹಾಜರಿ ಪುಸ್ತಕ ಕೊಟ್ಟೋರು ಯಾರು?"

ಕರಿಯಣ್ಣ ಪಟ್ಟಿಯ ಮೇಲೆ ಬಗ್ಗಿದ.

"ಎಂಟಕ್ಕೆ ಯಾರೂ ಸತ್ತಿಲ್ಲ. ಹದಿನೈದಕ್ಕೂ ಇಲ್ಲ. ಭಾನುವಾರ ಜ್ವರಕ್ಕೂ ರಜಾ. ಬರೆದೋನು ತನ್ನ ಕೆಲಸದ ದಿನ ನೋಡ್ಕೊಂಡು ಬರೆದಿದಾನೆ."

"ಥೂ!" ಕರಿಯಣ್ಣ ಪಕ್ಕಕ್ಕೆ ತಿರುಗಿ ಉಗಿದ. "ಗಣಪಯ್ಯ ಮೇಷ್ಟ್ರು ಹಿಂಗೆ ಮಾಡಿದ್ರಾ?"

"ಹೆಸರುಗಳು ಮೇಷ್ಟ್ರ ಕೈಬರಹ. ಗುಂಡಗೆ, ನೀಲಿ ಶಾಯಿ. ಕೆಂಪು ಓರೆ ಬರಹ ಬೇರೆಯವರದು. ಲೆಕ್ಕ ಬರೆಯೋರ ಕೈ."

ಅವರು ಎದ್ದು ಸೆರಗು ಕೊಡವಿದರು. "ನೀನು ಇಲ್ಲೇ ಇರು. ಬೇರೆ ಹಾಳೆ ತಗೊಂಡು ಮೊದಲಿಂದ ಬರಿ. ಮಗುವಿನ ಹೆಸರು, ಎದುರಿಗೆ ಅಪ್ಪನದೋ ಅವ್ವನದೋ ಹೆಬ್ಬೆಟ್ಟು. ಒಂದೂ ಬಿಡಬೇಡ."

"ನೀವು?"

"ಮಲ್ಲೇಶಪ್ಪನವರನ್ನ ಕಂಡು ಬರ್ತೀನಿ."

"ಒಬ್ಬರೇನಾ?" ಎಂದ ಕರಿಯಣ್ಣ. ಅಷ್ಟರಲ್ಲಿ ಅವರು ಅಂಗಳ ದಾಟಿದ್ದರು.

*

ಮಲ್ಲೇಶಪ್ಪ ಕಾಫಿ ಒಣಗಿಸುವ ಕಣದ ಬದಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಐವತ್ತೈದರ ವಯಸ್ಸು, ಹಣೆಯ ತುಂಬ ವಿಭೂತಿ, ತೊಳೆದಿಟ್ಟಂಥ ಬಿಳಿ ಅಂಗಿ. ಲೈನೂ ಅವರದೇ, ತೋಟವೂ ಅವರದೇ. ನೇರಲಮಕ್ಕಿ ಶಾಲಾ ಕಮಿಟಿಯ ಅಧ್ಯಕ್ಷರೂ ಅವರೇ.

"ಬನ್ನಿ ಅಮ್ಮ, ಬನ್ನಿ. ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ? ಹೇಳಿದ್ರೆ ಗಾಡಿ ಕಳಿಸ್ತಿದ್ದೆ."

ಸುಲೋಚನಮ್ಮ ಪಟ್ಟಿಯನ್ನು ಅವರ ಮುಂದೆ ಹಿಡಿದರು. "ಈ ಕೆಂಪು ಶಾಯಿ ಯಾರದು?"

ಮಲ್ಲೇಶಪ್ಪ ಕನ್ನಡಕ ಹುಡುಕಿದರು, ಒರೆಸಿದರು, ಹಾಕಿಕೊಂಡರು. ಇಪ್ಪತ್ತೇಳು ಹೆಸರನ್ನೂ ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದರು. ಓದಿ ಮುಗಿಸಿ, "ಪಾಪ," ಎಂದರು.

"ಈಗ ತಾನೇ ಇವರನ್ನೆಲ್ಲ ಮಾತಾಡಿಸ್ಕೊಂಡು ಬಂದೆ."

ಇಲ್ಲವೆನ್ನುತ್ತಾರೆ, ರೇಗುತ್ತಾರೆ, ಬೇರೆಯವರ ಮೇಲೆ ಹಾಕುತ್ತಾರೆ ಎಂದು ಸುಲೋಚನಮ್ಮ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದರು. ಮಲ್ಲೇಶಪ್ಪ ನಕ್ಕುಬಿಟ್ಟರು. ಒಳಗೆ ತಿರುಗಿ ಕಾಫಿ, ಕೋಡುಬಳೆ ತರಲು ಕೂಗಿದರು. ಕಣದ ಕೆಲಸ ನೋಡುತ್ತಿದ್ದ ಮೇಸ್ತ್ರಿ ಬೂತಪ್ಪನನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. ಆಮೇಲೆ ಆರಾಮವಾಗಿ ಕಾಲು ನೀಡಿ ಕುಳಿತರು.

"ನೋಡೇ ಬಂದ ಮೇಲೆ ಮುಚ್ಚುಮರೆ ಎಂತಕ್ಕೆ ಅಮ್ಮ? ಬರೆದದ್ದು ನಮ್ಮ ತೋಟದ ಲೆಕ್ಕದ ರೈಟರ್ ಸೋಮಶೇಖರಪ್ಪ. ಬರೆಸಿದ್ದು ನಾನು. ಕೂತ್ಕೊಳ್ಳಿ."

ಸುಲೋಚನಮ್ಮ ಕೂರಲಿಲ್ಲ. "ಯಾಕೆ?"

"ಈ ಶಾಲೆಗೆ ಜಾಗ ಕೊಟ್ಟೋನು ನಾನು. ಊರಿನ ಮೂವತ್ತಾರು ಮಕ್ಕಳು, ಒಬ್ಬ ಮೇಷ್ಟ್ರು, ಒಂದು ಕೋಣೆ. ಎಲ್ಲ ಸರಿಯಾಗಿತ್ತು. ಈ ಗಣಪಯ್ಯ ಇದಾನಲ್ಲ, ಯಾರೂ ಹೇಳದೇನೇ ಹೋಗಿ ಲೈನಿನ ಮಕ್ಕಳನ್ನೂ ಬರ್ಕೊಂಡು ಬಂದ. ಅರವತ್ತಮೂರು ಆಯ್ತು. ಇನ್ನೊಬ್ಬ ಮೇಷ್ಟ್ರು ಬೇಕು, ಇನ್ನೊಂದು ಕೋಣೆ ಬೇಕು, ಬಾವಿ ಬೇಕು. ಮೂರರಲ್ಲೊಂದು ಪಾಲು ಕಮಿಟಿ ಹಾಕ್ಬೇಕಂತೆ. ಕಮಿಟಿ ಅಂದ್ರೆ ಯಾರು? ನಾನು."

"ನಿಮ್ಮ ಪಾಲು ಇನ್ನೂರ ನಲವತ್ತು ರೂಪಾಯಿ. ನಾನೇ ಅಂದಾಜು ಹಾಕಿದೀನಿ. ಒಂದು ಮಗುವಿಗೆ ಒಂಬತ್ತು ರೂಪಾಯಿಯೂ ಬೀಳಲ್ಲ."

"ದುಡ್ಡು ಬಿಡಿ ಅಮ್ಮ. ದೇವಸ್ಥಾನಕ್ಕೆ ಅದರ ಹತ್ತರಷ್ಟು ಕೊಟ್ಟಿದೀನಿ." ಮಲ್ಲೇಶಪ್ಪ ಕೋಡುಬಳೆ ಮುರಿದರು. "ಈ ಹೊತ್ತು ಎಣಿಸ್ತೀರಿ. ನಾಳೆ ಶಾಲೆಗೆ ಕಳಿಸು ಅಂತೀರಿ. ಗಿಡದ ಕೆಳಗಿನ ಕೊಂಬೆ ಹಣ್ಣು ಕುಯ್ಯೋರು ಯಾರು? ದೊಡ್ಡೋರು ಬಗ್ಗಿದ್ರೆ ಸೊಂಟ ಹಿಡೀತು ಅಂತಾರೆ. ಆ ಎತ್ತರಕ್ಕೆ ದೇವರು ಮಕ್ಕಳನ್ನೇ ಮಾಡಿದಾನೆ."

ಅವರು ಇದನ್ನು ತಮಾಷೆಗೆ ಹೇಳಲಿಲ್ಲ. ಗೊಬ್ಬರದ ವಿಷಯ, ಮಳೆಯ ವಿಷಯ ಹೇಳುವ ಹಾಗೆ ಹೇಳಿದರು. ಸುಲೋಚನಮ್ಮನಿಗೆ ಆ ಬಾಯಲ್ಲಿ ಅರೆಯುತ್ತಿದ್ದ ಕೋಡುಬಳೆಯ ಸದ್ದು ಕೂಡ ಕೇಳಲಾರದಂತಾಯಿತು.

"ಬದುಕಿರೋ ಮಕ್ಕಳನ್ನ ಸತ್ತರು ಅಂತ ಬರೆಸೋಕೆ ಮನಸ್ಸು ಹೇಗೆ ಬಂತು? ಊರು ಬಿಟ್ಟರು ಅಂತಾದ್ರೂ ಬರೆಸಬಹುದಿತ್ತು."

"ಊರು ಬಿಟ್ಟರು ಅಂದ್ರೆ ಮುಂದಿನ ವರ್ಷ ಮತ್ತೆ ಹುಡುಕ್ಕೊಂಡು ಬರ್ತೀರಿ," ಎಂದರು ಮಲ್ಲೇಶಪ್ಪ. "ಸತ್ತೋರನ್ನ ಯಾರೂ ಹುಡುಕಲ್ಲ. ಕಾಫಿ ಆರಿ ಹೋಗ್ತದೆ, ತಗೊಳ್ಳಿ."

"ಗಣಪಯ್ಯನವರನ್ನ ಏನು ಮಾಡಿದ್ರಿ?"

ಮಲ್ಲೇಶಪ್ಪನ ಕೈ ಮೊದಲ ಸಲ ನಿಂತಿತು. ಮುಖದ ನಗು ಹೋಯಿತು.

"ಶಿವನಾಣೆ ಅಮ್ಮ, ನನಗೆ ಗೊತ್ತಿಲ್ಲ. ಪಟ್ಟಿಗೆ ಎಣಿಸಿದೋನ ಸಹಿ ಬೇಕಲ್ಲ. ಈ ತಿಂಗಳ ಒಂಬತ್ತನೇ ತಾರೀಕು ಸಂಜೆ ಸೋಮಶೇಖರಪ್ಪನ್ನ ಅವನ ಹತ್ರ ಕಳಿಸಿದ್ದೆ. ನೂರು ರೂಪಾಯಿನೂ ಕೊಟ್ಟು ಕಳಿಸಿದ್ದೆ. ಅವನು ಸಹಿಗೆ ಒಪ್ಪಿದ್ರೆ ಕೊಡು, ಇಲ್ಲ ಅಂದ್ರೆ ಜೋರು ಮಾಡು ಅಂತ. ಮಾರನೇ ದಿನ ಮೇಷ್ಟ್ರು ಇಲ್ಲ."

"ಸೋಮಶೇಖರಪ್ಪ?"

"ಅವನೂ ಬರ್ಲಿಲ್ಲ. ನರಸಿಂಹರಾಜಪುರದಲ್ಲಿ ಅವನ ಅಕ್ಕನ ಮನೆ ಇದೆ. ನೂರು ರೂಪಾಯಿ ಜೇಬಿಗಿಳಿಸಿ ಅಲ್ಲಿ ಹೋಗಿ ಕೂತಿರ್ಬೇಕು. ಪಟ್ಟಿ ನನ್ನ ಹತ್ರಾನೇ ಇತ್ತು, ಸಹಿ ಇಲ್ಲದೇನೇ ಕೊಪ್ಪಕ್ಕೆ ಕಳಿಸಿದೆ."

"ಹುಡುಕಿಸಲಿಲ್ಲವಾ?"

"ಬರ್ತಾನೆ ಬಿಡಿ. ಕಾಸು ಖಾಲಿಯಾದ್ರೆ ಎಲ್ಲರೂ ಬರ್ತಾರೆ."

ಮಲ್ಲೇಶಪ್ಪ ಇನ್ನೊಂದು ಲೋಟ ಕಾಫಿಗೆ ಕೂಗಿದರು. ತಮ್ಮ ಅಜ್ಜ ಈ ತೋಟ ಮಾಡಿದ ಕಥೆ ಶುರು ಮಾಡಿದರು. ಘಟ್ಟದ ಕೆಳಗಿಂದ ಕೂಲಿಯವರನ್ನು ತರುವ ಕಷ್ಟ ಹೇಳಿದರು. ಕ್ವಿನೈನಿನ ಬೆಲೆ ಹೇಳಿದರು. ಸುಲೋಚನಮ್ಮ ಕೇಳಿದ ಒಂದು ಮಾತಿಗೆ ಹತ್ತು ಮಾತಿನ ಉತ್ತರ ಬರುತ್ತಿತ್ತು. ಕೇಳದಿದ್ದರೂ ಬರುತ್ತಿತ್ತು.

ಸುಲೋಚನಮ್ಮನ ನೆರಳು ಕಣದ ಸಿಮೆಂಟಿನ ಮೇಲೆ ಪಾದದ ಬುಡಕ್ಕೆ ಸರಿದಿತ್ತು. ಬಂದು ಒಂದೂವರೆ ಗಂಟೆಯ ಮೇಲಾಗಿದೆ ಎಂದು ಆಗ ಅವರಿಗೆ ಹೊಳೆಯಿತು. ಹೋದ ಶನಿವಾರ ಕಮಿಟಿಯ ಸಭೆಯಲ್ಲಿ ಈ ಮನುಷ್ಯ ಕಾಲು ಗಂಟೆ ಕೂತಿರಲಿಲ್ಲ. ಕುಯ್ಲಿನ ಕಾಲ, ಪುರುಸೊತ್ತಿಲ್ಲ ಎಂದು ಎದ್ದು ಹೋಗಿದ್ದರು. ಇಂದು ತಾವು ಮಾಡಿದ ಹೇಸಿಗೆಯನ್ನು ತಾವೇ ಒಂದೊಂದಾಗಿ ಬಿಚ್ಚಿ ತೋರಿಸುತ್ತ, ನಡುನಡುವೆ ರಸ್ತೆಯ ಕಡೆ ನೋಡುತ್ತ ಕುಳಿತಿದ್ದಾರೆ.

ದೂರದಲ್ಲಿ ಲಾರಿಯೊಂದು ಏರು ಹತ್ತುವ ಸದ್ದು ಕೇಳಿತು. ಹಿಂದೆಯೇ ಇನ್ನೊಂದು.

ಸುಲೋಚನಮ್ಮ ತಿರುಗಿ ನಿಂತರು. ಕಣದ ಗೇಟಿನಿಂದ ಕರಿಯಣ್ಣ ಓಡಿ ಬರುತ್ತಿದ್ದ. ತಲೆಯ ಮೇಲೆ ರುಮಾಲಿರಲಿಲ್ಲ. ಕೆಳತುಟಿ ಒಡೆದು ರಕ್ತ ಗಲ್ಲದ ತನಕ ಇಳಿದಿತ್ತು.

"ಅಮ್ಮಾವ್ರೇ, ಲೈನು ಖಾಲಿ! ಎರಡು ಲಾರಿ ತಂದು ಎಲ್ಲರನ್ನೂ ತುಂಬಿಸಿದ್ರು. ಒಲೆ ಮೇಲಿನ ಗಂಜಿ ಇಳಿಸೋಕೂ ಬಿಡ್ಲಿಲ್ಲ. ಅಡ್ಡ ಹೋದೆ, ಹೊಡೆದ್ರು."

"ಪಟ್ಟಿ?"

"ಹತ್ತೊಂಬತ್ತು ಹೆಬ್ಬೆಟ್ಟು ಆಗಿತ್ತು. ಕಿತ್ಕೊಂಡು ಒಲೆಗೆ ಹಾಕಿದ್ರು."

ಸುಲೋಚನಮ್ಮ ಮಲ್ಲೇಶಪ್ಪನ ಕಡೆ ನೋಡಿದರು. ಅವರು ಕೈ ಒರೆಸಿಕೊಳ್ಳುತ್ತಿದ್ದರು.

"ಬೇರೆ ತೋಟದಲ್ಲಿ ಆಳು ಬೇಕಾಗಿತ್ತು, ಕಳಿಸಿದೆ. ಈಗ ಹೇಳಿ ಅಮ್ಮ, ನೀವು ಬೆಳಿಗ್ಗೆ ಯಾರನ್ನ ಮಾತಾಡಿಸಿದ್ರಿ? ನೋಡಿದೋರು ಯಾರು? ನೀವು, ನಿಮ್ಮ ಜವಾನ."

"ನೀವು ಒಪ್ಪಿಕೊಂಡದ್ದು?"

"ನಾನೇ? ಕಾಫಿ ಕೊಟ್ಟೆ, ಅಷ್ಟೇ." ಮಲ್ಲೇಶಪ್ಪ ಎದ್ದರು. "ನಾಳೆ ಅಮಲ್ದಾರರನ್ನ ಕರ್ಕೊಂಡು ಬಂದ್ರೂ ನನಗೇನಿಲ್ಲ. ಜ್ವರದಲ್ಲಿ ಹೋದ ಮಕ್ಕಳನ್ನ ಮಣ್ಣು ಮಾಡಿದ ಜಾಗ ಇದೆ. ಅವರಿಗೂ ತೋರಿಸ್ತೀನಿ. ನೀವೂ ನೋಡ್ಕೊಂಡೇ ಹೋಗಿ." ಲಾರಿ ಕಳಿಸಿ ವಾಪಸು ಬಂದಿದ್ದ ಮೇಸ್ತ್ರಿಯತ್ತ ಕೈ ಮಾಡಿದರು. "ಬೂತಪ್ಪ, ಅಮ್ಮಾವ್ರಿಗೆ ತೋರಿಸು ಮಾರಾಯ. ಒಂದೂ ಬಿಡದೆ ತೋರಿಸು."

*

ಲೈನಿನ ಅಂಗಳದಲ್ಲಿ ಒಲೆಗಳು ಇನ್ನೂ ಹೊಗೆಯಾಡುತ್ತಿದ್ದವು. ಒಂದು ಮಡಕೆಯ ಗಂಜಿ ತಳ ಹತ್ತಿ ಸೀದ ವಾಸನೆ ಬರುತ್ತಿತ್ತು. ಸಣ್ಣ ಕುಯ್ಲಿನ ಬುಟ್ಟಿಗಳು ಅಲ್ಲಲ್ಲಿ ಬಿದ್ದಿದ್ದವು. ಕರಿಯಣ್ಣ ಒಂದು ಬುಟ್ಟಿ ಎತ್ತಿ ಗೋಡೆಗೆ ಒರಗಿಸಿ ಇಟ್ಟ. ಯಾಕೆ ಇಟ್ಟನೋ ಅವನಿಗೂ ತಿಳಿಯಲಿಲ್ಲ.

ಲೈನಿನ ಹಿಂದೆ ಹರಳುಕಲ್ಲಿನ ಇಳಿಜಾರು. ಅದರ ಕೆಳಗೆ ಹುಲ್ಲು ಬೆಳೆದ ಬಯಲು. ಅಲ್ಲಿಗೆ ಇಳಿಯುವ ದಾರಿಯಲ್ಲಿ ಶೇಷಮ್ಮ ಎದುರಾದರು, ಗಣಪಯ್ಯ ಮೇಷ್ಟ್ರ ಹೆಂಡತಿ. ಲಾರಿಗಳು ಹೋದದ್ದನ್ನು ಶಾಲೆಯ ಪಕ್ಕದ ಮನೆಯಿಂದ ನೋಡಿ ಬಂದಿದ್ದರು. ಸುಲೋಚನಮ್ಮ ಎರಡು ರಾತ್ರಿಯಿಂದ ಅವರ ಮನೆಯಲ್ಲೇ ಉಳಿದಿದ್ದರು. ಮೂವತ್ತು ದಾಟದ ಹೆಂಗಸು. ಕಿಗ್ಗದ ತವರಿನವರು ಬಂದು ಕರೆದರೂ ಹೋಗಿರಲಿಲ್ಲ. ದಿನವೂ ಮಿಂದು, ಕುಂಕುಮ ಇಟ್ಟು, ಗಂಡನಿಗೂ ಸೇರಿಸಿ ಅನ್ನ ಮಾಡುತ್ತಿದ್ದರು.

"ಎಂತ ಆಯ್ತು ಅಕ್ಕೋರೆ? ಮಕ್ಕಳು ಕೂಗ್ತಿದ್ದವು."

"ನೀವು ಮನೆಗೆ ಹೋಗಿ ಶೇಷಮ್ಮ."

"ನಮ್ಮನೇವರು ಬರೆದ ಮಕ್ಕಳು ಅವು. ನಾನೂ ಬತ್ತೆ," ಎಂದು ಶೇಷಮ್ಮ ಹಿಂದೆಯೇ ಬಂದರು.

ಬಯಲಿನಲ್ಲಿ ಮಣ್ಣಿನ ದಿಬ್ಬಗಳಿದ್ದವು. ಒಂದೊಂದೂ ಮೂರು ಮೊಳ ಉದ್ದ, ತಲೆಯ ಕಡೆ ಒಂದೊಂದು ಕಲ್ಲು. ಅಗೆದ ಗದ್ದೆಯಲ್ಲಿ ಏರಿ ಹಾಕಿದ ಹಾಗೆ ಸಾಲಾಗಿ, ಅಚ್ಚುಕಟ್ಟಾಗಿ. ಚೆನ್ನಿಯ ಅಳತೆಗೆ ಸರಿಯಾಗಿ. ಕರಿಯಣ್ಣ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಬರೆಸಿದ್ದು ಸಾಲದೆ ಮಣ್ಣನ್ನೂ ಹಾಕಿಸಿದ್ದರು.

ಸುಲೋಚನಮ್ಮ ತಮ್ಮ ಕೈಯಲ್ಲಿದ್ದ ಕೊಡೆಯ ತುದಿಯನ್ನು ಮೊದಲ ದಿಬ್ಬಕ್ಕೆ ಚುಚ್ಚಿದರು. ಒಂದು ಗೇಣು ಇಳಿದು ನಿಂತಿತು. ಬಗ್ಗಿ ಕೈಯಿಂದ ಮಣ್ಣು ಸರಿಸಿದರು. ಕೆಳಗೆ ಕೀಳದ ಹುಲ್ಲು, ಹಳದಿಯಾಗಿ ಚಪ್ಪಟೆಯಾಗಿ ಮಲಗಿತ್ತು. ಮಣ್ಣಿನಲ್ಲಿ ಕಣದ ಕಾಫಿ ಸಿಪ್ಪೆ ಬೆರೆತಿತ್ತು. ಗುಂಡಿಯೇ ತೋಡಿರಲಿಲ್ಲ. ಅವರು ಒಂದೊಂದನ್ನೂ ಕೆದಕುತ್ತ ಸಾಲಿನುದ್ದಕ್ಕೂ ನಡೆದರು. ಕಾಫಿ ಸಿಪ್ಪೆ, ಕಾಫಿ ಸಿಪ್ಪೆ. ಕೊನೆಯ ದಿಬ್ಬದ ಹತ್ತಿರ ನಿಂತರು. ಮತ್ತೆ ಮೊದಲಿಗೆ ಬಂದರು.

"ಬೂತಪ್ಪ, ಎಷ್ಟು ಮಕ್ಕಳನ್ನ ಮಣ್ಣು ಮಾಡಿದ್ರಿ?"

"ಇಪ್ಪತ್ತೇಳು ಅಮ್ಮಾವ್ರೇ."

"ನಿನಗೆ ಸರಿಯಾಗಿ ನೆನಪಿದೆಯಾ?"

"ನಾನೇ ಮುಂದೆ ನಿಂತಿದ್ದೆ."

"ಎಣಿಸು."

ಬೂತಪ್ಪ ಉದಾಸೀನದಿಂದ ಬೆರಳು ತೋರಿಸುತ್ತ ಹೊರಟ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ನಿಂತ. ಬೆರಳಿನ ಮುಂದೆ ಇನ್ನೂ ಒಂದು ದಿಬ್ಬವಿತ್ತು. ಹಿಂದೆ ಹೋಗಿ ಇನ್ನೊಮ್ಮೆ ಎಣಿಸಿದ. ಅವನ ಮುಖದ ಬಣ್ಣ ಇಳಿಯಿತು.

"ಇಲ್ಲ. ನಾನು ಮಾಡಿಸಿದ್ದು ಇಪ್ಪತ್ತೇಳೇ!"

"ಮಾಡಿಸಿದ್ದಾ?" ಎಂದರು ಸುಲೋಚನಮ್ಮ.

ಬೂತಪ್ಪ ನಾಲಗೆ ಕಚ್ಚಿಕೊಂಡ. ಆದರೆ ಆಡಿದ ಮಾತಿಗಿಂತ ಕಣ್ಣೆದುರಿನ ದಿಬ್ಬ ಅವನನ್ನು ಹೆಚ್ಚು ಹೆದರಿಸಿತ್ತು. "ಹೊಸ ವರ್ಷದ ವಾರ ಯಜಮಾನರು ಹೇಳಿದ್ರು, ಮಣ್ಣು ಹಾಕ್ಸಿದೆ. ದೇವ್ರಾಣೆ ಅಮ್ಮಾವ್ರೇ, ಅದು ನಂದಲ್ಲ. ಕಡೇದು ನಂದಲ್ಲ!"

ಕಡೆಯ ದಿಬ್ಬ ಉಳಿದವುಗಳಿಗಿಂತ ತುಸು ಅಗಲ. ಅದರ ಮಣ್ಣಿನಲ್ಲಿ ಕಾಫಿ ಸಿಪ್ಪೆಯಿರಲಿಲ್ಲ. ಕೆಂಪು ಹಸಿಮಣ್ಣು, ಆಳದಿಂದ ಬಂದದ್ದು. ಹುಸಿ ದಿಬ್ಬಗಳೆಲ್ಲ ಉಬ್ಬಿಕೊಂಡೇ ಇದ್ದವು, ಇದೊಂದು ನಡುವೆ ಬಿರುಕು ಬಿಟ್ಟು ಕುಸಿದಿತ್ತು. ಒಂದು ಬದಿಯಲ್ಲಿ ನರಿ ಕೆರೆದ ಗುರುತು. ಗಾಳಿ ತಿರುಗಿದಾಗ ಕರಿಯಣ್ಣ ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

ಸುಲೋಚನಮ್ಮ ಶೇಷಮ್ಮನ ಎದುರಿಗೆ ಬಂದು ಅಡ್ಡ ನಿಂತರು. ಆದರೆ ಶೇಷಮ್ಮನಿಗೂ ವಾಸನೆ ಬಡಿದಿತ್ತು.

"ತೆಗೀರಿ," ಎಂದರು ಶೇಷಮ್ಮ.

"ಪೊಲೀಸರು ಬರಲಿ ಶೇಷಮ್ಮ."

"ಕೊಪ್ಪದಿಂದ ಅವರು ಬಪ್ಪಷ್ಟರಲ್ಲಿ ಇಲ್ಲಿ ಎಂತ ಉಳೀತದೆ? ಒಂದೂವರೆ ಗಂಟೆಯಲ್ಲಿ ಒಂದು ಕೇರಿಯನ್ನೇ ಎತ್ತಿದವರು ಇವರು. ತೆಗೀರಿ ಅಕ್ಕೋರೆ. ಹನ್ನೊಂದು ದಿನ ಕಾದಿದೀನಿ."

ಅದು ನಿಜವಾಗಿತ್ತು. ಸುಲೋಚನಮ್ಮ ಬೂತಪ್ಪನಿಗೆ ತಲೆಯಾಡಿಸಿದರು. ಅವನು ಲೈನಿನಿಂದ ಗುದ್ದಲಿ ತಂದ. ತನ್ನ ತಲೆಯ ಮೇಲಿನ ಅಪವಾದವನ್ನು ತಾನೇ ಅಗೆದು ತೆಗೆಯುವವನಂತೆ ಬೇಗ ಬೇಗ ಅಗೆದ.

ಮಣ್ಣು ಸರಿಯುತ್ತಿದ್ದಂತೆ ಸುಲೋಚನಮ್ಮನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು. ಈ ಜಾಗಕ್ಕೆ ತಮ್ಮನ್ನು ಕಳಿಸಿದವರು ಮಲ್ಲೇಶಪ್ಪನೇ. ಒಂದೂ ಬಿಡದೆ ತೋರಿಸು ಎಂದವರೂ ಅವರೇ. ಇಲ್ಲೊಂದು ಹೆಣ ಹೂಳಿಸಿದ ಮನುಷ್ಯ ಹಾಗೆ ಹೇಳುತ್ತಾನೆಯೇ? ಅಮಲ್ದಾರರನ್ನು ಕರೆತಂದು ತೋರಿಸುತ್ತೇನೆ ಎನ್ನುತ್ತಾನೆಯೇ? ಆ ಮನುಷ್ಯನ ಬಗ್ಗೆ ಅವರಿಗೆ ಹುಟ್ಟಿದ ಅಸಹ್ಯ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಇದು ಮಲ್ಲೇಶಪ್ಪನ ಕೆಲಸವಲ್ಲ. ಈ ದಿಬ್ಬಗಳು ಹುಸಿಯೆಂದು ತಿಳಿದಿದ್ದ, ಇನ್ನೊಂದು ಸೇರಿಸಿದರೆ ಯಾರೂ ಎಣಿಸುವುದಿಲ್ಲವೆಂದು ನಂಬಿದ್ದ ಬೇರೆ ಯಾರೋ ಇದ್ದಾರೆ.

ಗುದ್ದಲಿ ಮೆತ್ತಗಿನದೇನಕ್ಕೋ ತಾಗಿತು. ಬೂತಪ್ಪ ಹಿಂದಕ್ಕೆ ಹಾರಿ ಪಕ್ಕದಲ್ಲಿ ವಾಂತಿ ಮಾಡಿಕೊಂಡ. ಕರಿಯಣ್ಣ ಇಳಿದ.

ಹೆಣವನ್ನು ಮಂಡಿ ಮಡಚಿ ಮಲಗಿಸಿದ್ದರು. ಕಂದು ಉಣ್ಣೆಯ ಬಟ್ಟೆ ಮುಖಕ್ಕೂ ಎದೆಗೂ ಸುತ್ತಿತ್ತು, ಒಡೆದ ತಲೆಯ ಹಿಂಭಾಗ ಮಾತ್ರ ಹೊರಗೆ ಕಾಣುತ್ತಿತ್ತು. ಕರಿಯಣ್ಣ ಉಸಿರು ಹಿಡಿದು ಎದೆಯ ಮೇಲಿನ ಮಡಿಕೆಯನ್ನು ಮಾತ್ರ ಸರಿಸಿದ. ಕೊಳೆತ ಅಂಗಿಯ ಮೇಲೆ ಬೆಳ್ಳಿಯ ಕರಡಿಗೆಯೊಂದು ಬಿಸಿಲಿಗೆ ಹೊಳೆಯಿತು. ಕೊರಳಿನ ದಾರದಲ್ಲಿ ಲಿಂಗದ ಕರಡಿಗೆ.

ಬೂತಪ್ಪ ಬಾಯಿ ಒರೆಸಿಕೊಳ್ಳುತ್ತ ಇಣುಕಿದ. "ಅಯ್ಯೋ ಶಿವನೇ! ನಮ್ಮ ರೈಟರ್ರು! ಸೋಮಶೇಖರಪ್ಪೋರ ಕರಡಿಗೆ ಅದು. ಮುಚ್ಚಳ ಸೊಟ್ಟಗಿದೆ ನೋಡಿ, ಅವರದೇ!"

"ಇವರಲ್ಲ," ಎಂದರು ಶೇಷಮ್ಮ.

ಮೊದಲು ಪಿಸುಮಾತಿನಲ್ಲಿ ಬಂತು. ಆಮೇಲೆ ಜೋರಾಗಿ ಬಂತು. "ಇವರಲ್ಲ ಅಕ್ಕೋರೆ! ನಮ್ಮನೇವರಲ್ಲ ಇದು!" ಅವರು ನಕ್ಕರು. ಹನ್ನೊಂದು ದಿನ ಕಟ್ಟಿ ಹಿಡಿದಿದ್ದ ಅಳುವೂ ನಗುವೂ ಒಟ್ಟಿಗೆ ನುಗ್ಗಿ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಒಂದು ಹೆಣದ ಮುಂದೆ ನಿಂತು ನಗುತ್ತಿದ್ದೇನೆಂಬ ನಾಚಿಕೆಗೆ ಮುಖ ತಿರುಗಿಸಿದರು. ಮತ್ತೆ ತಿರುಗಿ ನೋಡಿದರು.

ಸುಲೋಚನಮ್ಮ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದಿದ್ದರು. ಸಿಕ್ಕದ್ದನ್ನು ಸಿಕ್ಕ ಕ್ರಮದಲ್ಲಿ ಬರೆಯತೊಡಗಿದರು. ಒಂದು, ಗಂಡಸಿನ ಹೆಣ, ತಲೆಯ ಹಿಂಭಾಗ ಒಡೆದಿದೆ. ಎರಡು, ಬೆಳ್ಳಿಯ ಕರಡಿಗೆ.

"ಜೇಬಿನಲ್ಲಿ ದುಡ್ಡಿದೆಯಾ ನೋಡು ಕರಿಯಣ್ಣ."

ಕರಿಯಣ್ಣ ಮುಖ ಸೊಟ್ಟ ಮಾಡಿಕೊಂಡು ತಡಕಿದ. "ಇದೆ ಅಮ್ಮಾವ್ರೇ. ನೋಟು. ಒದ್ದೆಯಾಗಿ ಅಂಟಿಕೊಂಡಿದೆ. ತೆಗೆದಿಲ್ಲ ಯಾರೂ."

ಮೂರು, ನೋಟುಗಳು. ಕೊಂದವನಿಗೆ ಹಣ ಬೇಕಿರಲಿಲ್ಲ. ಸುಲೋಚನಮ್ಮನ ಪೆನ್ಸಿಲು ಒಂದು ಗಳಿಗೆ ನಿಂತು ಮುಂದೆ ಹೋಯಿತು. ನಾಲ್ಕು.

"ಆ ಬಟ್ಟೆ ಏನದು? ಕಂಬಳಿಯಾ?"

"ಶಾಲು ಅಮ್ಮಾವ್ರೇ." ಕರಿಯಣ್ಣ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಒಳ್ಳೇ ಶಾಲೇ. ಇಲ್ಲಿ ಇಲಿ ಕಡಿದಿತ್ತು ಅಂತ ಕಾಣ್ತದೆ, ಹಸಿರು ದಾರದಲ್ಲಿ ಹೊಲಿದಿದಾರೆ."

ಶೇಷಮ್ಮನ ನಗು ಅಲ್ಲಿಗೆ ನಿಂತಿತು.

ಬೂತಪ್ಪ ನೋಡಲಿಲ್ಲ. ಕರಿಯಣ್ಣನ ಬೆನ್ನು ಈಚೆಗಿತ್ತು. ಸುಲೋಚನಮ್ಮ ಒಬ್ಬರೇ ನೋಡಿದರು. ಶೇಷಮ್ಮನ ಬಲಗೈ ತಾನಾಗಿಯೇ ಮುಂದೆ ಹೋಗಿ, ಆ ಹೊಲಿಗೆಯನ್ನು ಮುಟ್ಟುವಷ್ಟು ಹತ್ತಿರ ಹೋಗಿ, ಸುಟ್ಟಂತೆ ಹಿಂದಕ್ಕೆ ಬಂತು. ಆ ಕಣ್ಣುಗಳು, ಗಂಡನ ಶಾಲಿಗೆ ತಾವೇ ಹಾಕಿದ ಹೊಲಿಗೆಯೆಂಬಂತೆ, ಅದರ ಒಂದೊಂದು ಎಳೆಯನ್ನೂ ಗುರುತಿಸುತ್ತಿದ್ದವು.

ಸುಲೋಚನಮ್ಮ ಪುಸ್ತಕದತ್ತ ಬಗ್ಗಿದರು. 'ನಾಲ್ಕು, ಕಂದು ಉಣ್ಣೆಯ ಶಾಲು, ಮೂಲೆಯಲ್ಲಿ' ಎಂಬಲ್ಲಿಗೆ ಪೆನ್ಸಿಲು ಬಂದಿತ್ತು. ತಣ್ಣಗಿನ ಬೆರಳುಗಳು ಬಂದು ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು.

"ಅಕ್ಕೋರೆ," ಎಂದರು ಶೇಷಮ್ಮ, ಅವರೊಬ್ಬರಿಗೇ ಕೇಳುವ ಹಾಗೆ. "ಅದೊಂದನ್ನು ಬರೀಬೇಡಿ."